ಹುಲಿಗೆಮ್ಮನ ಖಾಲಿ ಕಾಲಂ

ಕಳೆದ ವರ್ಷ ಯುಗಾದಿ ಆಗಷ್ಟೇ ಮುಗಿದಿತ್ತು. ಹಗರಿಬೊಮ್ಮನಹಳ್ಳಿಯ ಒಂದು ಖಾಸಗಿ ನರ್ಸಿಂಗ್ ಹೋಮಿನಲ್ಲಿ ನಾನು ಚೀಟಿ ಮಾಡುವ ಕೌಂಟರಿನ ಕೆಲಸಕ್ಕಿದ್ದೆ. ಈಗಲೂ ಅಲ್ಲೇ ಇದ್ದೇನೆ. ದಿನಾ ಕೊಟ್ಟೂರಿನಿಂದ ಬಸ್ಸಿನಲ್ಲಿ ಬಂದು ಹೋಗುವವಳು. ಕಂಪ್ಯೂಟರಿನ ಬಗ್ಗೆ ಆಗ ನನಗೆ ಗೊತ್ತಿದ್ದದ್ದು ಹೆಸರು ಟೈಪ್ ಮಾಡುವುದು, ಪ್ರಿಂಟ್ ತೆಗೆಯುವುದು, ಅದು ಸಿಕ್ಕಿಕೊಂಡರೆ ಬೈದು ಆಫ್ ಮಾಡಿ ಆನ್ ಮಾಡುವುದು, ಇಷ್ಟೇ.

ನಮಗೆ ಸಾಫ್ಟ್‌ವೇರ್ ಹಾಕಿಕೊಟ್ಟಿದ್ದ ಚಿಕ್ಕ ಕಂಪನಿಯವರು ಆ ಹೊತ್ತಿಗೆ ಅಂಗಡಿ ಮುಚ್ಚಿದರು. ಹೋಗುವಾಗ, ಅಲ್ಲಿಯವರೆಗಿನ ರೋಗಿಗಳ ಮಾಹಿತಿಯನ್ನೆಲ್ಲ ಡಾಕ್ಟರ ಹಳೇ ಲ್ಯಾಪ್‌ಟಾಪಿಗೆ ಒಂದು ಕಾಪಿ ಹಾಕಿಕೊಟ್ಟು ಹೋದರು. ಡಾಕ್ಟರು ನನ್ನನ್ನು ಒಳಗೆ ಕರೆದರು.

"ಗೀತಾ, ಇನ್ಮ್ಯಾಲೆ ಯಾರನ್ನೂ ನಂಬ್ಕಂಡು ಕೂಡೋದು ಬ್ಯಾಡ. ಡೇಟಾಬೇಸ್ ನೋಡ್ಕಳ್ಳೋ ಕೆಲಸ ನೀನಾ ಕಲಿ. ಹರಪನಹಳ್ಳ್ಯಾಗ ಒಬ್ರು ಮೇಷ್ಟ್ರು ಹೇಳಿಕೊಡ್ತಾರಂತ."

"ಸರ್, ನನಗ ಬರತೈತೇನ್ರಿ?" ಎಂದೆ.

"ಬಿಲ್ ತಪ್ಪಾದ್ರ ನನ್ನನ್ನ ಬೈತೀ. ಇದೇನ್ ಬರಲ್ಲ ನಿನಗ?" ಎಂದು ನಕ್ಕರು.

ಹೀಗೆ ಮದುವೆಯಾಗಿ ಎರಡು ಮಕ್ಕಳಾದ ಮೇಲೆ ನಾನು ಮತ್ತೆ ವಿದ್ಯಾರ್ಥಿನಿಯಾದೆ. ಭಾನುವಾರಗಳಂದು ಹರಪನಹಳ್ಳಿಗೆ ಹೋಗುತ್ತಿದ್ದೆ. ಮೇಷ್ಟ್ರು ಪಾಲಿಟೆಕ್ನಿಕ್ಕಿನಲ್ಲಿ ಪಾಠ ಮಾಡಿ ನಿವೃತ್ತರಾದವರು. ಮನೆಯ ಮಹಡಿಯ ಮೇಲೆ ಹಳೇ ಕಂಪ್ಯೂಟರುಗಳನ್ನು ಜೋಡಿಸಿಕೊಂಡಿದ್ದರು. ಕಲಿಯಲು ಬರುತ್ತಿದ್ದವರೆಲ್ಲ ನನಗಿಂತ ಚಿಕ್ಕವರು. ನಾನು ಹಿಂದಿನ ಬೆಂಚು ಹಿಡಿದೆ.

ಮೇಷ್ಟ್ರ ಪಾಠ ಮಾತ್ರ ಹಿಂದಿನ ಬೆಂಚಿಗೂ ಮುಟ್ಟುತ್ತಿತ್ತು. ಟೇಬಲ್ ಎಂದರೇನು, ಯಾರಿಗೆ ಏನು ನೋಡಲು ಅನುಮತಿ ಕೊಡಬೇಕು, ಬ್ಯಾಕಪ್ ಯಾಕೆ, ಎಲ್ಲವನ್ನೂ ನಮ್ಮ ಮನೆಯ ಮಾತಿನಲ್ಲೇ ಹೇಳುತ್ತಿದ್ದರು. ಒಮ್ಮೆ, "ನಿಮ್ಮ ಮನೇಲಿ ಉಣ್ಣೋ ಜೋಳ, ಬಿತ್ತೋ ಜೋಳ ಒಂದೇ ಚೀಲದಾಗೆ ಇಡ್ತಾರೇನಮ್ಮ?" ಎಂದು ನನ್ನನ್ನೇ ಕೇಳಿದರು.

"ಇಲ್ರಿ ಸರ್. ಬೀಜದ್ದು ಬ್ಯಾರೇನ ಇಡ್ತಾರ."

"ಯಾಕೆ?"

"ಉಣ್ಣೋ ಜೋಳಕ್ಕ ಹುಳ ಬಿದ್ರ ಬೀಜಾನಾದ್ರೂ ಉಳೀಲಿ ಅಂತ."

"ಬ್ಯಾಕಪ್ ಅಂದ್ರೆ ಅಷ್ಟೇ ನೋಡು. ಅಸಲು ಒಂದು ಕಡೆ, ನಕಲು ಇನ್ನೊಂದು ಕಡೆ. ಎರಡೂ ಒಂದೇ ಜಾಗಕ್ಕೆ ಬರಬಾರದು."

ಅವತ್ತು ನನಗೆ ಖುಷಿಯೋ ಖುಷಿ. ಇಷ್ಟು ದಿನ ದೊಡ್ಡ ವಿದ್ಯೆ ಎಂದು ಹೆದರಿದ್ದು ನಮ್ಮತ್ತೆಗೂ ಗೊತ್ತಿರುವ ವಿಷಯ! ಮರುದಿನವೇ ಡಾಕ್ಟರಿಗೆ ಹೇಳಿ ಅಂಗೈಯಗಲದ ಒಂದು ಹಾರ್ಡ್‌ಡಿಸ್ಕ್ ತರಿಸಿದೆ. ದಿನಾ ಸಂಜೆ ಅದಕ್ಕೆ ಕಾಪಿ ಹಾಕುವುದು, ಆಸ್ಪತ್ರೆಯ ಮೇಲಿದ್ದ ಡಾಕ್ಟರ ಮನೆಯ ಬೀರುವಿನಲ್ಲಿ ಇಟ್ಟು ಬರುವುದು. ಹಳೇ ಲ್ಯಾಪ್‌ಟಾಪನ್ನು ಆಮೇಲೆ ಯಾರೂ ಮುಟ್ಟಲಿಲ್ಲ.

ಇಲ್ಲಿ ಹುಲಿಗೆಮ್ಮನ ವಿಷಯ ಹೇಳಬೇಕು. ಬಸ್‌ಸ್ಟ್ಯಾಂಡಿನ ಹತ್ತಿರ ಮಂಡಕ್ಕಿ, ಮಿರ್ಚಿ ಮಾಡಿ ಮಾರುತ್ತಿದ್ದ ಹೆಂಗಸು. ಗಂಡ ಇರಲಿಲ್ಲ, ರೇಣುಕಾ ಅಂತ ಒಬ್ಬಳೇ ಮಗಳು, ತಾಯಿಯ ಜೊತೆಗೇ ಕೂತು ಹಿಟ್ಟು ಕಲಸುತ್ತಿದ್ದಳು. ಸಂಜೆ ಬಸ್ಸು ತಡವಾದರೆ ನಾನು ಅಲ್ಲೇ ನಿಂತು ತಿನ್ನುವವಳು. ಒಲೆಯ ಮುಂದೆ ಕೂತೂ ಕೂತೂ ಹುಲಿಗೆಮ್ಮನಿಗೆ ಮಣಕಾಲು ನೋವು. ತಿಂಗಳಿಗೊಮ್ಮೆಯಾದರೂ ನಮ್ಮ ಆಸ್ಪತ್ರೆಗೆ ಬರುತ್ತಿದ್ದಳು. ಬಂದಾಗೆಲ್ಲ ಒಂದು ಪೊಟ್ಟಣ ಬಿಸಿ ಮಿರ್ಚಿ ನನ್ನ ಕೌಂಟರಿನ ಮೇಲಿಟ್ಟು, "ತಗಾ ಯವ್ವಾ, ಬರೇ ಎಲುಬಾಗೀದಿ" ಎನ್ನುತ್ತಿದ್ದಳು. ನಾನು ಆ ಕಾಲಕ್ಕೂ ದಪ್ಪಗೇ ಇದ್ದೆ.

ಆ ವರ್ಷದ ಶ್ರಾವಣದಲ್ಲಿ ಅವಳಿಗೆ ನೋವಿನ ಇಂಜೆಕ್ಷನ್ ಒಂದು ಆಗಿಬರಲಿಲ್ಲ. ಮೈಯೆಲ್ಲ ಗಂಧೆ ಎದ್ದು, ತುಟಿ ಊದಿ, ಉಸಿರು ಕಟ್ಟಿತ್ತಂತೆ. ಡಾಕ್ಟರು ಪಕ್ಕದಲ್ಲೇ ಇದ್ದುದರಿಂದ ಬದುಕಿದಳು. ಅವರೇ ತಮ್ಮ ರೂಮಿನ ಕಂಪ್ಯೂಟರಿನಲ್ಲಿ ಅವಳ ಹೆಸರಿನ ಮುಂದೆ, ಆಗದ ಔಷಧದ ಕಾಲಂನಲ್ಲಿ, ಆ ಸೂಜಿಯ ಹೆಸರು ಹಾಕಿ, "ನೋಡಬೇ, ಈ ಸೂಜಿ ನಿನಗ ಯಾವತ್ತೂ ಹಾಕಬಾರದು. ಕಂಪ್ಯೂಟರ್‌ನಾಗ ಬರದೀನಿ. ಯಾರು ನೋಡಿದ್ರೂ ಗೊತ್ತಾಗತೈತಿ" ಎಂದು ಧೈರ್ಯ ಹೇಳಿ ಕಳಿಸಿದ್ದರು. ಅವತ್ತು ನಾನು ರಜೆಯಲ್ಲಿದ್ದೆ. ಇದೆಲ್ಲ ನನಗೆ ತಿಳಿದದ್ದು ಎಷ್ಟೋ ತಡವಾಗಿ. ಓದುವವರಿಗೆ ಮೊದಲೇ ತಿಳಿದಿರಲಿ ಎಂದು ಇಲ್ಲೇ ಹೇಳುತ್ತಿದ್ದೇನೆ. ಹುಲಿಗೆಮ್ಮನಿಗೆ ಓದಲು ಬರುತ್ತಿರಲಿಲ್ಲ. ಸೂಜಿಯ ಹೆಸರು ಅವಳ ನಾಲಿಗೆಗೆ ಹೊರಳುವಂಥದ್ದೂ ಅಲ್ಲ. ಕಂಪ್ಯೂಟರಿನಲ್ಲಿದೆ ಎಂಬುದಷ್ಟೇ ಅವಳಿಗೆ ಗೊತ್ತಿತ್ತು.

ದಸರೆ ಬಂತು. ನಮ್ಮಲ್ಲಿ ಆಯುಧಪೂಜೆ ಎಂದರೆ ಕಾಂಪೌಂಡರ್ ತಿಪ್ಪಣ್ಣನ ಹಬ್ಬ. ಆಸ್ಪತ್ರೆ ಶುರುವಾದಾಗಿನಿಂದ ಇದ್ದ ಮನುಷ್ಯ. ಬಿ.ಪಿ. ನೋಡುವ ಯಂತ್ರ, ಕತ್ತರಿ, ಚಿಮಟ, ಆಂಬ್ಯುಲೆನ್ಸಿನ ಸ್ಪ್ಯಾನರ್, ಕಸಬರಿಗೆ ಕೂಡ ಬಿಡದೆ ಎಲ್ಲವನ್ನೂ ತೊಳೆದು, ಒರೆಸಿ, ವಿಭೂತಿ ಬಳಿದು ಸಾಲಾಗಿ ಇಡುವನು. ಅಂತಹ ಭಕ್ತಿ. ಆ ಸಲ, ಎಲ್ಲರ ಮಾಹಿತಿಯನ್ನೂ ಕೂಡಿಟ್ಟಿದ್ದ ಸರ್ವರ್ ಕಂಪ್ಯೂಟರನ್ನು ಮೇಜಿನ ಸಮೇತ ಬಾಳೆಕಂದು ಕಟ್ಟಿ ಸಿಂಗರಿಸಿದ್ದ. ಔಷಧಿ ಅಂಗಡಿಯ ಬಿಲ್ ನಡೆಯುತ್ತಿದ್ದುದರಿಂದ ಅದು ಚಾಲೂ ಇತ್ತು.

ಆರತಿಯಾಯಿತು. ತಿಪ್ಪಣ್ಣ ತೆಂಗಿನಕಾಯಿ ಒಡೆದ. ಎಲ್ಲದಕ್ಕೂ ಕಾಯಿಯ ನೀರು ಚಿಮುಕಿಸುತ್ತ ಬಂದವನು ಕಂಪ್ಯೂಟರಿನ ಮುಂದೆ ಮಾತ್ರ ನಿಂತು, "ಈ ತಾಯಿಗೆ ಜಾಸ್ತಿ ಇರಲಿ, ವರ್ಷೆಲ್ಲ ದುಡೀತಾಳ" ಎನ್ನುತ್ತ ಕಾಯಿಯ ಹೋಳನ್ನು ಅದರ ನೆತ್ತಿಯ ಮೇಲೇ ಬಗ್ಗಿಸಿಬಿಟ್ಟ. ನಾನು "ತಿಪ್ಪಣ್ಣಾ!" ಎಂದು ಕೂಗುವಷ್ಟರಲ್ಲಿ ಚಟ್ ಎಂದಿತು. ಸುಟ್ಟ ವಾಸನೆ ಬಂತು. ಪರದೆಗಳೆಲ್ಲ ಕಪ್ಪಾದವು.

ಎಲ್ಲರೂ ಗಾಬರಿಯಾದರು. ನಾನು ಆಗಲಿಲ್ಲ. ಎಷ್ಟಾದರೂ ಕಲಿತವಳು. "ಏನೂ ಆಗಂಗಿಲ್ರಿ ಸರ್, ಬ್ಯಾಕಪ್ ಐತಿ" ಎಂದು ಜಂಬದಿಂದಲೇ ಮೇಲಿನ ಮನೆಗೆ ಹೋದೆ. ಬೀರುವಿನಲ್ಲಿ ಡಿಸ್ಕ್ ಇರಲಿಲ್ಲ.

ಕೆಳಗೆ ಬಂದು ಕೇಳಿದರೆ ತಿಪ್ಪಣ್ಣ ಕತ್ತರಿ, ಚಿಮಟಗಳ ಸಾಲನ್ನು ತೋರಿಸಿದ. ಮೂರು ಬೆರಳ ವಿಭೂತಿ ಹಚ್ಚಿಸಿಕೊಂಡು, ತಲೆಯ ಮೇಲೊಂದು ಚೆಂಡು ಹೂ ಇಟ್ಟುಕೊಂಡು ಡಿಸ್ಕು ಅಲ್ಲಿ ಕೂತಿತ್ತು.

"ಅದೂ ಆಯುಧಾನಾ ಅಲ್ಲೇನ್ರಿ ಅಕ್ಕಾರ? ಅದೊಂದನ್ನ ಬಿಡಬಾರದು ಅಂತ ಮ್ಯಾಲಿನ ಮನಿ ಅಮ್ಮಾರನ್ನ ಕೇಳಿ ಇಸ್ಕಂಡು ಬಂದೆ" ಎಂದ.

ಕೈಗೆತ್ತಿಕೊಂಡರೆ ಅದರ ಸಂದಿಯಿಂದ ನೀರು ಸೋರಿತು.

"ತಿಪ್ಪಣ್ಣ, ಇದನ್ನ ಏನ್ ಮಾಡೀದಿ?"

"ತೊಳದೀನ್ರಿ. ಎಲ್ಲಾ ಸಾಮಾನು ತೊಳದಂಗ ಇದನ್ನೂ ನಳದ ಕೆಳಗ ಹಿಡದು ತೊಳದೆ. ಚೊಲೋತ್ನಾಗಿ ಒರಸೀನಿ" ಎಂದ. ನನ್ನ ಮುಖ ನೋಡಿ ಅವನ ಮುಖವೂ ಬಾಡಿತು. ತೊಳೆಯದ ಸಾಮಾನಿಗೆ ಪೂಜೆಯಿಲ್ಲ ಎಂದೇ ಬೆಳೆದವನು. ಅವನ ಮೇಲೆ ಏನೆಂದು ಸಿಟ್ಟಾಗಲಿ?

ಎರಡೂ ಹೋದವು. ಹೊಸಪೇಟೆಯ ರಿಪೇರಿ ಅಂಗಡಿಯವರು ಕೈಯೆತ್ತಿದರು. ಉಳಿದದ್ದು ಆ ಹಳೇ ಲ್ಯಾಪ್‌ಟಾಪಿನ ಕಾಪಿ. ಮೇಷ್ಟ್ರು ಫೋನಿನಲ್ಲೇ ದಾರಿ ಹೇಳಿದರು. ಹೊಸ ಕಂಪ್ಯೂಟರು ತರಿಸಿ, ಬೆವರು ಒರೆಸಿಕೊಳ್ಳುತ್ತ ಅದನ್ನೇ ಹಾಕಿದೆ. ಪರದೆಯ ಮೇಲೆ ರೋಗಿಗಳ ಹೆಸರುಗಳು ಒಂದೊಂದಾಗಿ ಮೂಡಿದಾಗ ಅಳುವೇ ಬಂತು. ಡಾಕ್ಟರು ಎಲ್ಲರಿಗೂ ಪೇಡೆ ಹಂಚಿದರು. ತಿಪ್ಪಣ್ಣ ನನ್ನ ಕಾಲಿಗೆ ಬೀಳಲು ಬಂದ.

ಆದರೆ ಅದು ಯುಗಾದಿಯ ಹೊತ್ತಿನ ಕಾಪಿ. ಯುಗಾದಿಯಿಂದ ದಸರೆಯವರೆಗೆ ಸೇರಿಸಿದ್ದು ಯಾವುದೂ ಅದರಲ್ಲಿರಲಿಲ್ಲ. ಬಿಲ್ಲುಗಳ ಪ್ರತಿ ನೋಡಿ ಆದಷ್ಟನ್ನು ಮತ್ತೆ ಹೊಡೆದೆವು. ಯಾರಿಗೆ ಯಾವ ಔಷಧ ಆಗದು ಎಂಬುದು ಯಾವ ಕಾಗದದಲ್ಲೂ ಇರಲಿಲ್ಲ. ಡಾಕ್ಟರು ಕಣ್ಣು ಮುಚ್ಚಿ ಕೂತು ನೆನಪಾದವರ ಹೆಸರು ಹೇಳಿದರು, ನಾನು ತುಂಬಿದೆ. ದಿನಕ್ಕೆ ಅಷ್ಟು ಜನರನ್ನು ನೋಡುವ ಮನುಷ್ಯ, ಎಷ್ಟೆಂದು ನೆನಪಿಟ್ಟುಕೊಂಡಾರು? ಅವರು ಹೇಳಿದ ಹೆಸರುಗಳಲ್ಲಿ ಹುಲಿಗೆಮ್ಮನದು ಇರಲಿಲ್ಲ.

ಮುಂದಿನ ಭಾನುವಾರ ತರಗತಿಗೆ ಹೋದೆ. ಅವತ್ತಿನ ಪಾಠ ಖಾಲಿ ಕಾಲಂಗಳ ಬಗ್ಗೆ. ಮೇಷ್ಟ್ರು ಪರದೆಯ ಮೇಲೆ ಯಾರದೋ ಹೆಸರು ತೋರಿಸಿ, "ಇವನ ಫೋನ್ ನಂಬರಿನ ಜಾಗ ಖಾಲಿ ಐತೆ. ಇವನ ಹತ್ರ ಫೋನ್ ಇಲ್ಲ ಅಂತಲೋ, ಐತೋ ಇಲ್ಲೋ ನಮಗೇ ಗೊತ್ತಿಲ್ಲ ಅಂತಲೋ?" ಎಂದು ಕೇಳಿದರು. ಎಲ್ಲರೂ ತಲೆಗೊಂದು ಉತ್ತರ ಕೊಟ್ಟೆವು.

"ಖಾಲಿ ಅಂದ್ರೆ ಇಲ್ಲ ಅಂತಲ್ಲಪ್ಪಾ. ಖಾಲಿ ಅಂದ್ರೆ ಗೊತ್ತಿಲ್ಲ. ಇಲ್ಲ ಅನ್ನೋದನ್ನ ಇಲ್ಲ ಅಂತ ಬರೀಬೇಕು. ಇದನ್ನ ತಿಳೀದೇ ಇದ್ದೋನು ಡೇಟಾಬೇಸಿಗೆ ಕೈ ಹಾಕಬಾರದು."

ನಮ್ಮ ಕಂಪ್ಯೂಟರಿನಲ್ಲಿ ಅಂಥ ಖಾಲಿ ಜಾಗ ಎಷ್ಟಿವೆ! ತರಗತಿ ಮುಗಿದ ಮೇಲೆ ನಿಂತು ಹೇಳಿದೆ. ಮೇಷ್ಟ್ರು ಹುಬ್ಬು ಗಂಟಿಕ್ಕಿ ಕೇಳಿಸಿಕೊಂಡರು. "ನಾಳೇನೇ ಆ ಖಾಲಿ ಜಾಗಕ್ಕೆಲ್ಲ 'ಗೊತ್ತಿಲ್ಲ, ರೋಗಿಯನ್ನೇ ಕೇಳಿ' ಅಂತ ಕಾಣೋ ಹಂಗೆ ಮಾಡಮ್ಮ. ಮೊದಲು ಕಾಪಿ ತಗೊಂಡು ಆಮೇಲೆ ಮಾಡು" ಎಂದು ಹೇಗೆಂದು ತೋರಿಸಿಕೊಟ್ಟರು.

ಮರುದಿನ ಆಸ್ಪತ್ರೆ ತುಂಬ ಜನ. ಡಾಕ್ಟರು ಯಾವುದೋ ಸಭೆಗೆಂದು ದಾವಣಗೆರೆಗೆ ಹೋಗಿದ್ದರು. ಅವರ ಬದಲಿಗೆ ಹೊಸಬರೊಬ್ಬರು ನೋಡುತ್ತಿದ್ದರು. ಸೂಜಿ ಹಾಕುವ ಶಾಂತಾ ಸಿಸ್ಟರ್ ಕೂಡ ದಸರೆ ಆದ ಮೇಲೆ ಸೇರಿದವರು. ನಾನು ಬಂದ ಕೂಡಲೇ ಕಾಪಿ ತೆಗೆಯಲು ಹಚ್ಚಿ, ಅದು ಮುಗಿಯುವುದನ್ನು ಕಾಯುತ್ತ ಚೀಟಿ ಮಾಡುತ್ತಿದ್ದೆ.

ಹುಲಿಗೆಮ್ಮ ಬಂದಳು. ರೇಣುಕಾ ತೋಳು ಹಿಡಿದುಕೊಂಡಿದ್ದಳು.

"ಮಣಕಾಲು ಹಿಡಕಂಬಿಟ್ಟಾವ ಯವ್ವಾ. ಇವತ್ತು ಒಲಿ ಹಚ್ಚಿಲ್ಲ, ಮಿರ್ಚಿ ಇಲ್ಲ ನಿನಗ" ಎಂದಳು.

"ಸಾಕು ಬಿಡಬೇ, ನಿನ್ನ ಮಿರ್ಚಿ ತಿಂದಾ ಹಿಂಗಾಗೀನಿ" ಎಂದೆ. ನಕ್ಕಳು. ನಾವಿಬ್ಬರೂ ಆಡಿದ ಕಡೆಯ ಮಾತು ಅದು.

ಹೊಸ ಡಾಕ್ಟರು ನೋಡಿ ಇಂಜೆಕ್ಷನ್ ಬರೆದುಕೊಟ್ಟರು. ಇಂಜೆಕ್ಷನ್ ರೂಮು ನನ್ನ ಕೌಂಟರಿನ ಪಕ್ಕದಲ್ಲೇ. ಪರದೆ ಬಟ್ಟೆಯೊಂದೇ ಅಡ್ಡ. ಒಳಗಿನ ಮಾತು ಕೇಳಿಸುತ್ತದೆ. ಶಾಂತಾ ಸಿಸ್ಟರನ್ನು ಯಾರೂ ದೂರಬಾರದು, ಅವರು ಕೇಳಿದರು.

"ಅಮ್ಮಾ, ನಿಮಗ ಯಾವುದಾದ್ರೂ ಸೂಜಿ ಆಗಂಗಿಲ್ಲೇನ್ರಿ?"

"ಒಂದು ಐತಿ ಯವ್ವಾ. ಹೆಸರು ಬರಂಗಿಲ್ಲ ನನಗ. ನಿಮ್ಮ ಕಂಪ್ಯೂಟ್ರಾಗ ಐತಿ ನೋಡು, ಡಾಕ್ಟ್ರು ಬರದಾರ."

ಕೀಲಿಗಳನ್ನು ಒತ್ತಿದ ಸದ್ದು ಕೇಳಿಸಿತು.

"ಇಲ್ಲ ಅಲ್ರಿ? ಏನೂ ಇಲ್ಲ ಇದ್ರಾಗ. ಖಾಲಿ ಐತಿ."

"ಐತಿ ನೋಡವ್ವಾ, ಸರಿಯಾಗಿ ನೋಡು."

"ನೋಡಿದ್ನಿ ಅಮ್ಮಾ, ಇಲ್ಲ. ಬ್ಯಾರೆ ಆಸ್ಪತ್ರಿಯಾಗ ಹೇಳಿರಬೇಕು ನಿಮಗ."

ಹುಲಿಗೆಮ್ಮ, "ಇಲ್ಲೇನು? ಹಂಗಾರ ನನಗಾ ಮರತಿರಬೇಕು" ಎಂದಳು.

ನನ್ನ ಎದುರು ಒಬ್ಬ ಮುದುಕ ಮಗುವಿನ ಹೆಸರು ಹೇಳುತ್ತಿದ್ದ. ನಾನು ಅದನ್ನು ಟೈಪ್ ಮಾಡುತ್ತಿದ್ದೆ. ಪರದೆಯ ಆಚೆಯ 'ಖಾಲಿ ಐತಿ' ಎಂಬ ಮಾತು ಕಿವಿಗೆ ಬಿದ್ದು, ಒಳಗಿಳಿದು, ಇದು ನಿನ್ನೆಯ ಪಾಠ ಎಂದು ಹೊಳೆಯುವಷ್ಟರಲ್ಲಿ ನಾನು ಎದ್ದು ನಿಂತಿದ್ದೆ. "ಸಿಸ್ಟರ್, ತಡೀರಿ" ಎನ್ನುತ್ತ ಪರದೆ ಸರಿಸಿದೆ. ಸಿಸ್ಟರ್ ಆಗಲೇ ಹತ್ತಿಯಿಂದ ತೋಳು ಉಜ್ಜುತ್ತಿದ್ದರು. ಸೂಜಿ ಹಾಕಿ ಆಗಿತ್ತು.

ಅಲ್ಲಿಂದ ಆದದ್ದನ್ನು ಉದ್ದವಾಗಿ ಬರೆಯಲು ನನ್ನಿಂದಾಗದು. ಗಂಧೆ ಎದ್ದಿತು, ಗಂಟಲು ಕಟ್ಟಿತು. ಹೊಸ ಡಾಕ್ಟರು ತಮಗೆ ತಿಳಿದದ್ದನ್ನೆಲ್ಲ ಮಾಡಿದರು. ಆಂಬ್ಯುಲೆನ್ಸಿನಲ್ಲಿ ಹೊಸಪೇಟೆಗೆ ಕಳಿಸಿದರು. ಮರಿಯಮ್ಮನಹಳ್ಳಿ ದಾಟುವಷ್ಟರಲ್ಲಿ ಹುಲಿಗೆಮ್ಮ ಹೋದಳು. ಫೋನ್ ಬಂದಾಗ ನನ್ನ ಪರದೆಯ ಮೇಲೆ ಕಾಪಿ ಪೂರ್ತಿಯಾಗಿದೆ ಎಂದು ಹಸಿರು ಅಕ್ಷರಗಳು ಕಾಣುತ್ತಿದ್ದವು.

ಅವತ್ತೇ ಆ ಕಾಲಂಗಳನ್ನೆಲ್ಲ ಬದಲಾಯಿಸಿದೆ. ಮೇಷ್ಟ್ರು ಹೇಳಿಕೊಟ್ಟಿದ್ದು ಒಂದೇ ಸಾಲಿನ ಆಜ್ಞೆ. ಕೀಲಿ ಒತ್ತಿ ಕಣ್ಣು ಮಿಟುಕಿಸುವುದರಲ್ಲಿ ಮುಗಿಯಿತು. ಅಷ್ಟು ಸಣ್ಣ ಕೆಲಸ ಅದು.

ಡಾಕ್ಟರಿಗೆ ವಿಷಯ ತಿಳಿದ ಕೂಡಲೇ ಶ್ರಾವಣದ್ದೆಲ್ಲ ನೆನಪಾಯಿತು. "ನಾನಾ ಬರದಿದ್ದೆ. ಈ ಕೈಲೇ ಬರದಿದ್ದೆ" ಎಂದು ಕೈ ನೋಡಿಕೊಳ್ಳುತ್ತ ಕೂತರು. ಹುಲಿಗೆಮ್ಮನ ಮನೆಗೂ ಹೋಗಿ ಬಂದರು. ಅಲ್ಲಿ ಯಾರು ಏನೆಂದರೋ ನಮಗೆ ಹೇಳಲಿಲ್ಲ. ಶಾಂತಾ ಸಿಸ್ಟರ್ ಊರಿಗೆ ಹೊರಟುಹೋದರು. ತಿಪ್ಪಣ್ಣನಿಗೆ ಈ ಸುದ್ದಿಯ ಹಿಂದುಮುಂದು ತಿಳಿಯದಿರಲಿ ಎಂದು ನಾವು ಎಷ್ಟು ಜತನ ಮಾಡಿದರೂ ಯಾರೋ ಹೇಳಿಬಿಟ್ಟರು. ಮರುದಿನ ಬಂದವನು ನನ್ನ ಕೌಂಟರಿನ ಹತ್ತಿರ ನಿಂತು, "ಅಕ್ಕಾರ, ನಾ ಪೂಜಿ ಮಾಡಿದ್ದಕ್ಕೇನ್ರಿ?" ಎಂದು ಕೇಳಿದ. ಇಲ್ಲ ತಿಪ್ಪಣ್ಣ ಎಂದೆ. ನಂಬಲಿಲ್ಲ. ಆ ವಾರದಿಂದ ಕೆಲಸಕ್ಕೆ ಬರುವುದನ್ನೇ ಬಿಟ್ಟ.

ಹುಲಿಗೆಮ್ಮನ ದಿನಕರ್ಮಗಳೆಲ್ಲ ಮುಗಿದ ಮೇಲೆ ಒಂದು ಮಧ್ಯಾಹ್ನ ರೇಣುಕಾ ಬಂದಳು. ಜಗಳಕ್ಕೆ ಬಂದಿದ್ದಾಳೆಂದು ಉಳಿದವರು ಒಳಗೆ ಸರಿದರು. ನಾನು ಕೂತೇ ಇದ್ದೆ. ಬೈದರೆ ಬೈಸಿಕೊಳ್ಳೋಣ ಎಂದು ಮನಸ್ಸು ಗಟ್ಟಿ ಮಾಡಿಕೊಂಡೆ. ಅವಳು ಬೈಯಲಿಲ್ಲ.

"ಅಕ್ಕಾರ, ಒಂದು ಕೇಳ್ಬೇಕಿತ್ತು. ನಮ್ಮವ್ವ ಹೇಳಿದ್ದು ಖರೇ ಏನ್ರಿ? ಡಾಕ್ಟ್ರು ಬರದಿದ್ರೇನ್ರಿ?"

"ಖರೇ ರೇಣುಕಾ. ಬರದಿದ್ರು. ಯಂತ್ರ ಸುಟ್ಟಾಗ ಅಳಿಸಿಹೋತು."

ಅವಳು ಕೌಂಟರಿನ ಅಂಚು ಹಿಡಿದುಕೊಂಡಳು. "ಗಾಡಿಯಾಗ ಉಸಿರು ಬರದಿದ್ರೂ ಅದನ್ನಾ ಅಂತಿದ್ಲು ನೋಡ್ರಿ. 'ನನ್ನ ಕಡೀಂದ ತಪ್ಪಾತು, ನಾನಾ ಮರತೆ, ಸೂಜಿ ಹಾಕಿದ ಆ ಹುಡುಗೀಗೆ ಬೈಬ್ಯಾಡ್ರಿ' ಅಂತ. ತನ್ನದಾ ತಪ್ಪು ಅನ್ಕಂಡು ಸತ್ಲು ನಮ್ಮವ್ವ."

ನಾನು ಒಂದು ಕುರ್ಚಿ ಎಳೆದುಕೊಟ್ಟೆ, ಅವಳು ಕೂರಲಿಲ್ಲ.

"ಅದನ್ನ ಬರೀರಿ ಅಕ್ಕಾರ" ಎಂದಳು ರೇಣುಕಾ. "ಮೊದಲು ಹೆಂಗ ಇತ್ತೋ ಹಂಗಾ ಬರೀರಿ."

ಸತ್ತವರ ಹೆಸರಿನ ಮುಂದೆ ಅದನ್ನು ತುಂಬಿ ಯಾರಿಗೆ ಏನು ಪ್ರಯೋಜನ ಎಂದು ಅವಳಿಗೂ ಗೊತ್ತು, ನನಗೂ ಗೊತ್ತು. ಆದರೂ ಪರದೆಯನ್ನು ಅವಳ ಕಡೆ ತಿರುಗಿಸಿದೆ. ಹುಲಿಗೆಮ್ಮ ಎಂದು ಹೊಡೆದೆ. ಬಂದಳು. ಆಗದ ಔಷಧದ ಕಾಲಂನಲ್ಲಿ ನಾನು ಹಾಕಿದ್ದ 'ಗೊತ್ತಿಲ್ಲ, ರೋಗಿಯನ್ನೇ ಕೇಳಿ' ಎಂಬ ಮಾತಿತ್ತು. ಅದನ್ನು ಅಳಿಸಿ, ಡಾಕ್ಟರನ್ನು ಕೇಳಿ ಆ ಸೂಜಿಯ ಹೆಸರನ್ನು ಒಂದೊಂದೇ ಅಕ್ಷರವಾಗಿ ಬರೆದೆ. ರೇಣುಕಾ ಬಗ್ಗಿ ಅಕ್ಷರ ಕೂಡಿಸಿಕೊಂಡು ಓದಿದಳು. ಅವಳ ಕಣ್ಣಿಂದ ನೀರು ಕೀಲಿಮಣೆಯ ಮೇಲೆ ಬಿತ್ತು. ಸೆರಗಿನಿಂದ ತಾನೇ ಒರೆಸಿದಳು.

"ಇನ್ನ ಇದು ಹೋಗಂಗಿಲ್ಲಲ್ರಿ?" ಎಂದು ಕೇಳಿದಳು.

ಅಷ್ಟು ತಿಂಗಳು ಹರಪನಹಳ್ಳಿಗೆ ತಿರುಗಿ ನಾನು ಕಲಿತದ್ದೆಲ್ಲ ಆ ಒಂದು ಪ್ರಶ್ನೆಯ ಬಗ್ಗೆಯೇ. ಹೋಗುವುದಿಲ್ಲ ಎಂದು ಭಾಷೆ ಕೊಡಲು ಯಾರಿಂದಲೂ ಆಗದು ಎಂಬುದನ್ನೂ ಕಲಿತಿದ್ದೆ. "ದಿನಾ ನೋಡ್ಕಂತೀನಿ" ಎಂದಷ್ಟೇ ಹೇಳಿದೆ. ಅವಳು ತಲೆಯಾಡಿಸಿ ಹೋದಳು.

ಈಗ ಕಾಪಿಯನ್ನು ಎರಡು ಊರುಗಳಲ್ಲಿ ಇಡುತ್ತೇವೆ. ದಿನಾ ಸಂಜೆ ಅವತ್ತಿನ ಕಾಪಿಯನ್ನು ಬೇರೊಂದು ಕಂಪ್ಯೂಟರಿಗೆ ಹಾಕಿ, ಎಲ್ಲವೂ ಸರಿಯಾಗಿ ಬಂದಿದೆಯೇ ಎಂದು ಪರೀಕ್ಷೆ ಮಾಡುತ್ತೇನೆ. ಬಂದಿದೆಯೋ ಇಲ್ಲವೋ ನೋಡಲು ಯಾವುದಾದರೂ ಒಂದು ಹೆಸರು ತೆಗೆದರೆ ಸಾಕು, ಯಾವುದಾದರೂ ಆದೀತು. ನಾನು ಹುಲಿಗೆಮ್ಮನ ಹೆಸರನ್ನೇ ತೆಗೆಯುತ್ತೇನೆ. ಆ ಕಾಲಂ ತುಂಬಿದೆ ಎಂದು ಕಣ್ಣಾರೆ ಕಾಣುವವರೆಗೆ ನನಗೆ ಬಸ್ಸಿಗೆ ಹೊರಡಲು ಆಗುವುದಿಲ್ಲ.